ಬಸಿರಿನ ದಿನಗಳಲ್ಲಿ ಗಳಿಗೆಗೊಂದು ಬಗೆಯಾಗುವ ಮನಸ್ಸು: ನೀವು ಹೇಗೆ ನಿಭಾಯಿಸಿದಿರಿ?

ಸಂತೆಕಟ್ಟೆಯ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಸಂತೆಕಟ್ಟೆಯವಳು, ಸಹಕಾರಿ ಬ್ಯಾಂಕೊಂದರ ಶಾಖೆಯಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಇದು ನನ್ನ ಮೊದಲ ಬಸಿರು, ಈಗ 21 ವಾರ ತುಂಬಿದೆ. ಮನೆಯಲ್ಲಿ ಗಂಡ, ಅತ್ತೆ, ಮಾವ ಇದ್ದಾರೆ. ಯಾರೂ ಕೆಟ್ಟವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದನ್ನು ಓದಿ ಯಾರಾದರೂ ನನ್ನ ಅತ್ತೆಯನ್ನು ದೂರಿದರೆ ನನಗೆ ಇನ್ನಷ್ಟು ಬೇಜಾರಾಗುತ್ತದೆ.

ಹೋದ ಮಂಗಳವಾರ ಸಂಜೆ ನಾನು ಬ್ಯಾಂಕಿನಿಂದ ಬಂದು ಚಪ್ಪಲಿ ಕಳಚುವಷ್ಟರಲ್ಲಿ ಅತ್ತೆ ಬಸಳೆ ಪದಾರ್ಥಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ಮದುವೆಯಾದ ಹೊಸತರಲ್ಲಿ ಅದೇ ವಾಸನೆಗೆ ನಾನು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದೆ. ಅಂದು ಮಾತ್ರ ಹೊಟ್ಟೆ ತೊಳಸಿ, ಅದರ ಹಿಂದೆಯೇ ಎಲ್ಲಿಂದಲೋ ಸಿಟ್ಟು ಬಂತು. "ಈ ಮನೆಯಲ್ಲಿ ನನಗೆ ಉಸಿರಾಡಲಿಕ್ಕೂ ಜಾಗವಿಲ್ಲ" ಎಂದು ಕಿರುಚಿದೆ. ಅತ್ತೆ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಅಳುವುದು ಹೊರಗೆ ಕೇಳಬಾರದೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ಅತ್ತುಬಿಟ್ಟೆ. ಬಾವಿಯ ನೀರು ತಳ ಕಂಡಿರುವ ಏಪ್ರಿಲ್ ತಿಂಗಳಿನಲ್ಲಿ ಹಾಗೆ ನೀರು ಬಿಡಬಾರದೆಂದು ತಿಳಿದಿದ್ದರೂ ಬಿಟ್ಟೆ. ಕೊನೆಗೆ ನಲ್ಲಿಯೇ ಸೂಂಯ್ ಎಂದು ಗಾಳಿ ಬಿಟ್ಟಾಗ ಹೊರಗೆ ಬಂದೆ. ಅತ್ತೆ "ಟ್ಯಾಂಕಿ ಖಾಲಿಯಾಯಿತು ಅಂತ ಕಾಣುತ್ತದೆ" ಎಂದಷ್ಟೇ ಹೇಳಿ ಪಂಪಿನ ಸ್ವಿಚ್ ಹಾಕಿದರು.

ಇಂತಹುದು ವಾರಕ್ಕೆ ಮೂರು ನಾಲ್ಕು ಸಲ ಆಗುತ್ತಿದೆ. ಮಧ್ಯಾಹ್ನ ಸಹೋದ್ಯೋಗಿಗಳೊಡನೆ ನಗುತ್ತಾ ಊಟ ಮಾಡಿದವಳು ನಾಲ್ಕು ಗಂಟೆಗೆ ನೋಟು ಎಣಿಸುತ್ತಿರುವಾಗ ಕಾರಣವಿಲ್ಲದೆ ಕಣ್ಣು ತುಂಬಿಕೊಳ್ಳುತ್ತೇನೆ. ಇದಕ್ಕಿಂತಲೂ ಹೆಚ್ಚು ನನ್ನನ್ನು ಕಾಡುತ್ತಿರುವುದು ಸುತ್ತಲಿನವರ ಒಂದು ಮಾತು: "ಬಸುರಿ ಅಳಬಾರದು, ಮಗುವಿಗೆ ತಾಗುತ್ತದೆ." ಅಳು ಬಂದ ದಿನ ಅದರ ದುಃಖ ಒಂದು ಪಾಲಾದರೆ, ಮಗುವಿಗೆ ಏನು ಮಾಡಿಬಿಟ್ಟೆನೋ ಎಂಬ ಹೆದರಿಕೆ ಮೂರು ಪಾಲು. ಇದರಲ್ಲಿ ಎಲ್ಲಿಯವರೆಗೆ ಸಹಜ, ಎಲ್ಲಿಂದ ಮುಂದೆ ವೈದ್ಯರ ಬಳಿ ಹೇಳಬೇಕಾದದ್ದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಕಂಕನಾಡಿಯ ನಿವೃತ್ತ ದಾದಿ

ಮಗಳೇ, ಮಂಗಳೂರಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ನಿನ್ನ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಒಂದು ಸಂಜೆ ಅತ್ತದ್ದರಿಂದ, ಒಮ್ಮೆ ಸಿಟ್ಟಿಗೆದ್ದುದರಿಂದ ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದ ಖಿನ್ನತೆಗೂ ಅವಧಿಗೆ ಮುಂಚಿನ ಹೆರಿಗೆಗೂ ಕಡಿಮೆ ತೂಕದ ಮಗುವಿಗೂ ನಂಟಿದೆ ಎಂಬುದು ನಿಜ, ಆದರೆ ಅದು ಬೇರೆ ವಿಷಯ, ಅದಕ್ಕೆ ಚಿಕಿತ್ಸೆಯೂ ಇದೆ. ಈ ಎರಡನ್ನೂ ಒಂದೇ ಮಾತಿನಲ್ಲಿ ಕಲಸಿ "ಅಳಬಾರದು" ಎಂದು ಹೇಳುವವರಿಂದ ಬಸುರಿಯರಿಗೆ ಆಗುವ ಕಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪರೀಕ್ಷೆಯ ಮೇಜಿನ ಮೇಲೆ ಮಲಗಿ ಮಗುವಿನ ಎದೆಬಡಿತ ಕೇಳುತ್ತಲೇ "ಸಿಸ್ಟರ್, ನಾನು ನಿನ್ನೆ ಅತ್ತುಬಿಟ್ಟೆ, ಇದಕ್ಕೇನಾದರೂ ಆಗಿದೆಯೇ" ಎಂದು ಕೇಳಿದವರು ಒಬ್ಬಿಬ್ಬರಲ್ಲ.

ಇನ್ನು ಕಾರಣ. ಬಸಿರಾದ ದಿನದಿಂದ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಎಂಬ ಎರಡು ಹಾರ್ಮೋನುಗಳು ಏರುತ್ತಾ ಹೋಗುತ್ತವೆ. ನಮ್ಮ ಮನಸ್ಸಿನ ಸಮತೋಲವನ್ನು ಕಾಯುವ ಮೆದುಳಿನ ರಾಸಾಯನಿಕಗಳ ಮೇಲೆ ಇವುಗಳ ಕೈವಾಡವಿದೆ. ಮೊದಲ ಮೂರು ತಿಂಗಳಲ್ಲಿ ಈ ಬದಲಾವಣೆ ಬಹಳ ವೇಗವಾಗಿರುವುದರಿಂದ ಹಲವರಿಗೆ ಆಗಲೇ ಹೆಚ್ಚು ತೊಂದರೆ. ನಡುವಿನ ತಿಂಗಳುಗಳಲ್ಲಿ ಕೊಂಚ ಸಮಾಧಾನವಾಗಿ, ಹೆರಿಗೆ ಹತ್ತಿರವಾದಂತೆ ನಿದ್ದೆಗೇಡು ಮತ್ತು ಭಯದೊಂದಿಗೆ ಮತ್ತೆ ಮರಳುವುದುಂಟು. ಎಲ್ಲರಲ್ಲೂ ಹೀಗೆಯೇ ಎಂದಲ್ಲ. ಐದನೆಯ ತಿಂಗಳಲ್ಲಿ ಆರಂಭವಾದವರನ್ನೂ ನೋಡಿದ್ದೇನೆ.

ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಿ ಸುಮ್ಮನಾಗಬಾರದು. ನಿನ್ನ ತಾಯಿ ಕಾರ್ಡನ್ನು ಕೈಗೆ ತೆಗೆದುಕೊಂಡು ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡು. ಬಸಿರಿನಲ್ಲಿ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದೇ ಲೆಕ್ಕ, ರಕ್ತ ಕಡಿಮೆಯಾದವರಿಗೆ ಸುಸ್ತು, ಕಿರಿಕಿರಿ, ಏಕಾಗ್ರತೆಯ ಕೊರತೆ ಜೊತೆಗೇ ಬರುತ್ತವೆ. ಥೈರಾಯ್ಡ್ ಪರೀಕ್ಷೆಯಾಗಿದೆಯೇ ಎಂದೂ ನೋಡು. ಅದರ ಏರುಪೇರು ಅಳು, ಮಂಕುತನ, ಎದೆಬಡಿತಗಳ ವೇಷದಲ್ಲಿ ಬರುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಸರಕಾರದಿಂದ ಕೊಡುತ್ತಾರೆ, ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ. ಅದನ್ನು ಚಹಾ ಅಥವಾ ಕಾಫಿಯ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಲಿಂಬೆ ಶರಬತ್ತಿನ ಜೊತೆ ತೆಗೆದುಕೊಂಡರೆ ಒಳ್ಳೆಯದು. ನಮ್ಮಲ್ಲಿ ಬೆಳಿಗ್ಗೆ ಚಹಾ ಕುಡಿಯುತ್ತಲೇ ಮಾತ್ರೆ ನುಂಗಿ, "ನಾನು ತಪ್ಪದೆ ತೆಗೆದುಕೊಳ್ಳುತ್ತಿದ್ದೇನಲ್ಲ, ರಕ್ತ ಏಕೆ ಏರಲಿಲ್ಲ" ಎಂದು ಕೇಳುವವರು ಬಹಳ ಮಂದಿ.

ನಿದ್ದೆ ಹೇಗಿದೆ ಎಂದು ನೀನು ಬರೆದಿಲ್ಲ. ಅದನ್ನೂ ಹೇಳು.

ಸಂತೆಕಟ್ಟೆಯ ಸೊಸೆ

ತುಂಬಾ ಉಪಕಾರವಾಯಿತು ಅಮ್ಮ. ಮಗುವಿಗೆ ಏನೂ ಆಗುವುದಿಲ್ಲ ಎಂಬ ಸಾಲನ್ನು ನಾಲ್ಕು ಸಲ ಓದಿದೆ. ನಿದ್ದೆ ಚೆನ್ನಾಗಿಲ್ಲ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತೇನೆ, ಮೂರನೆಯ ಸಲ ಎದ್ದ ಮೇಲೆ ಸೆಕೆಗೆ ನಿದ್ದೆ ಹತ್ತುವುದಿಲ್ಲ. ಹಿಮೋಗ್ಲೋಬಿನ್ ಮೂರನೆಯ ತಿಂಗಳಲ್ಲಿ 10.4 ಇತ್ತು, ಆಮೇಲೆ ನೋಡಿಲ್ಲ. ಮಾತ್ರೆಯನ್ನು ನಾನೂ ಚಹಾದ ಜೊತೆಗೇ ನುಂಗುತ್ತಿದ್ದೆ.

ಕುಳಾಯಿಯ ಅಪ್ಪ

ಗಂಡಸರು ಇಲ್ಲಿ ಮಾತನಾಡಬಹುದೋ ಇಲ್ಲವೋ ಎಂಬ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ನಮ್ಮ ಮಗಳಿಗೆ ಈಗ ಹತ್ತು ತಿಂಗಳು. ಅವಳು ಹೊಟ್ಟೆಯಲ್ಲಿದ್ದಾಗ ನನ್ನ ಹೆಂಡತಿಗೆ ನಿಮ್ಮಂತೆಯೇ ಆಗುತ್ತಿತ್ತು, ನಾನು ಮಾಡಿದ ತಪ್ಪುಗಳಿಂದ ಬೇರೆ ಗಂಡಂದಿರಿಗೆ ಏನಾದರೂ ಉಪಯೋಗವಾಗಲಿ ಎಂಬ ಆಸೆ ನನಗಿದೆ.

ನಾನು ಮಾಡುತ್ತಿದ್ದ ಮೊದಲ ತಪ್ಪು "ಸಮಾಧಾನ ಮಾಡಿಕೋ" ಎನ್ನುವುದು. ಆ ಮಾತು ಅವಳಿಗೆ, ಬಾಗಿಲು ತಟ್ಟಿದವರ ಮುಖದ ಮೇಲೆ ಬಾಗಿಲು ಹಾಕಿದಂತೆ ಕೇಳಿಸುತ್ತಿತ್ತು ಎಂದು ಹೆರಿಗೆಯಾಗಿ ಎರಡು ತಿಂಗಳಾದ ಮೇಲೆ ಹೇಳಿದಳು. ಎರಡನೆಯ ತಪ್ಪು, ಅವಳು ಏನು ಹೇಳಿದರೂ ಅದಕ್ಕೊಂದು ಪರಿಹಾರ ಹೇಳುವುದು. ಆಫೀಸಿನಲ್ಲಿ ಕಷ್ಟ ಎಂದರೆ ರಜೆ ಹಾಕು ಎನ್ನುತ್ತಿದ್ದೆ, ಸೊಂಟ ನೋವು ಎಂದರೆ ಮಲಗು ಎನ್ನುತ್ತಿದ್ದೆ, ಅಮ್ಮನ ನೆನಪಾಗುತ್ತದೆ ಎಂದರೆ ನಾಳೆಯೇ ತವರಿಗೆ ಬಿಟ್ಟು ಬರುತ್ತೇನೆ ಎನ್ನುತ್ತಿದ್ದೆ. ಅವಳಿಗೆ ಬೇಕಾಗಿದ್ದುದು ಇದಾವುದೂ ಅಲ್ಲ, ಹೇಳಿದ್ದನ್ನು ಒಬ್ಬರು ಕೊನೆಯವರೆಗೆ ಕೇಳುವುದು ಮಾತ್ರ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಆಮೇಲೆ ರಾತ್ರಿ ಊಟವಾದ ಮೇಲೆ ನಮ್ಮ ಬೀದಿಯ ತುದಿಯಲ್ಲಿರುವ ಅಶ್ವತ್ಥ ಕಟ್ಟೆಯವರೆಗೆ ಇಬ್ಬರೂ ನಡೆದುಕೊಂಡು ಹೋಗಿ ಬರುವುದೆಂದು ಮಾಡಿಕೊಂಡೆವು. ಇಪ್ಪತ್ತು ನಿಮಿಷದ ದಾರಿ. ಹೋಗುವಾಗ ಅವಳು ಮಾತನಾಡಬೇಕು, ಅವಳಾಗಿ ಕೇಳದೆ ನಾನು ಸಲಹೆ ಕೊಡಬಾರದು. ಕೆಲವು ದಿನ ಅವಳು ಒಂದು ಮಾತನ್ನೂ ಆಡಲಿಲ್ಲ, ಆದರೂ ಹಿಂತಿರುಗುವಾಗ ಅವಳ ನಡಿಗೆ ಹಗುರವಾಗಿರುತ್ತಿತ್ತು.

ಇನ್ನೊಂದು ವಿಷಯ. ದಾದಿಯೊಬ್ಬರು ಹೇಳಿದಂತೆ, ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ವಾರ ಗುರುತು ಹಾಕಿದೆವು. ಅಳು ಅಥವಾ ಸಿಟ್ಟು ಬಂದ ದಿನ ಕೆಂಪು ಚುಕ್ಕೆ, ಪಕ್ಕದಲ್ಲಿ ಗಂಟೆ, ಹಿಂದಿನ ರಾತ್ರಿಯ ನಿದ್ದೆ, ಕೊನೆಯದಾಗಿ ಏನಾದರೂ ತಿಂದ ಸಮಯ. ಹದಿನಾಲ್ಕು ದಿನಗಳಲ್ಲಿ ಒಂಬತ್ತು ಕೆಂಪು ಚುಕ್ಕೆಗಳಿದ್ದವು, ಅವುಗಳಲ್ಲಿ ಏಳು ಸಂಜೆ ಐದರಿಂದ ಏಳರ ನಡುವೆ. ಒಂದು ಗಂಟೆಗೆ ಊಟ ಮಾಡಿದವಳು ಅದುವರೆಗೂ ಏನೂ ತಿಂದಿರುತ್ತಿರಲಿಲ್ಲ. ನಾಲ್ಕೂವರೆಗೆ ಬೇಯಿಸಿದ ಹೆಸರುಕಾಳು, ಬಾಳೆಹಣ್ಣು ಅಥವಾ ಮೊಸರವಲಕ್ಕಿ ತಿನ್ನಲು ಆರಂಭಿಸಿದ ಮೇಲೆ ಚುಕ್ಕೆಗಳು ಅರ್ಧಕ್ಕರ್ಧ ಕಡಿಮೆಯಾದವು. ಎಲ್ಲರಿಗೂ ಇದೇ ಉತ್ತರ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ, ಆದರೆ ನಿಮ್ಮ ಅಳು ಕೌಂಟರಿನಲ್ಲಿ ನಾಲ್ಕು ಗಂಟೆಗೆ, ಮನೆಯಲ್ಲಿ ಬ್ಯಾಂಕಿನಿಂದ ಬಂದ ಕೂಡಲೇ ಎಂದು ಓದಿದಾಗ ನಮ್ಮ ಕ್ಯಾಲೆಂಡರ್ ನೆನಪಾಯಿತು.

ಬಂಗುಡೆ ಹುರಿಯುವ ಒಲೆಯನ್ನು ಹಿತ್ತಿಲಿಗೆ ಸಾಗಿಸಿದ್ದೂ, ಮೀನು ಮಾಡಲು ನಾನು ಕಲಿತದ್ದೂ ಅದೇ ತಿಂಗಳಿನಲ್ಲಿ. ವಾಸನೆಯನ್ನು ಸಹಿಸಿಕೋ ಎಂದು ಬಸುರಿಗೆ ಹೇಳುವುದಕ್ಕಿಂತ ಒಲೆಯನ್ನು ಹತ್ತು ಹೆಜ್ಜೆ ಆಚೆ ಇಡುವುದು ಸುಲಭ.

ಶಂಕರಪುರದ ದೊಡ್ಡಮ್ಮ

ನನಗೆ ಎಪ್ಪತ್ತೆರಡು ವರ್ಷ, ನಾನು ಹೇಳುವುದನ್ನು ಮೊಮ್ಮಗಳು ಬರೆದುಕೊಡುತ್ತಿದ್ದಾಳೆ. ಯಾರೂ ಬೇಸರ ಮಾಡಿಕೊಳ್ಳಬಾರದು. ನಾನು ಐದು ಹೆತ್ತವಳು, ಐದು ಸಲವೂ ಒಂಬತ್ತು ತಿಂಗಳು ತುಂಬುವವರೆಗೆ ಕೆಲಸ ಮಾಡಿದವಳು. ನಮಗೆ ಇದೆಲ್ಲ ಆಗಲಿಲ್ಲ. ಮನಸ್ಸು ಹೀಗಾಯಿತು, ಹಾಗಾಯಿತು ಎಂದು ಗಂಟೆ ಬರೆದಿಟ್ಟುಕೊಳ್ಳುವ ಕ್ರಮ ನಮಗಿರಲಿಲ್ಲ. ಬರೆದಿಟ್ಟಷ್ಟೂ ಅದು ದೊಡ್ಡದಾಗುವುದಿಲ್ಲವೇ ಎಂಬುದು ನನ್ನ ಸಂಶಯ. ದೇವರ ಮೇಲೆ ಭಾರ ಹಾಕಿ ಕೈಗೆ ಕೆಲಸ ಕೊಡುವುದು ಒಳ್ಳೆಯದು.

ಆದರೆ ಮೊಮ್ಮಗಳು ನನ್ನನ್ನು ಒಂದು ಪ್ರಶ್ನೆ ಕೇಳಿದಳು: "ಅಜ್ಜಿ, ನಿಮಗೆ ಒಮ್ಮೆಯೂ ಅಳು ಬರಲಿಲ್ಲವೇ?" ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಬಂದಿತ್ತು. ನಮ್ಮ ಕಡೆ ಮನೆಮನೆಯಲ್ಲೂ ಮಲ್ಲಿಗೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು ತಂದು, ಜಗಲಿಯಲ್ಲಿ ಸುರಿದುಕೊಂಡು, ಅಕ್ಕಪಕ್ಕದ ಹೆಂಗಸರೆಲ್ಲ ಕುಳಿತು ಬಾಳೆನಾರಿನಲ್ಲಿ ಕಟ್ಟಬೇಕು. ಹೂವಿನ ವ್ಯಾಪಾರದ ಕಟ್ಟೆಗೆ ಹೂ ಹೋಗುವ ಹೊತ್ತಿನೊಳಗೆ ಕಟ್ಟಿದ ಹೂವಿನ ಚೆಂಡು ಮುಗಿಯಬೇಕು, ನಾಲ್ಕು ಚೆಂಡಾದರೆ ಒಂದು ಅಟ್ಟೆ. ಕೈ ತನ್ನ ಪಾಡಿಗೆ ಕಟ್ಟುತ್ತಿರುತ್ತದೆ, ಕಣ್ಣು ಮೊಗ್ಗಿನ ಮೇಲಿರುತ್ತದೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅಲ್ಲಿ ಬಾಯಿಗೆ ಬಾರದ ಮಾತಿಲ್ಲ. ಗಂಡನ ಮೇಲಿನ ಸಿಟ್ಟು, ಅತ್ತೆಯ ಮೇಲಿನ ಸಿಟ್ಟು, ಹೆರಿಗೆಯ ಹೆದರಿಕೆ, ಎಲ್ಲವೂ ಅಲ್ಲಿಯೇ. ಒಬ್ಬಳು ಅತ್ತರೆ ಪಕ್ಕದವಳು ಅವಳ ಪಾಲಿನ ಮೊಗ್ಗನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು, ಅಷ್ಟೇ. ಈಗ ನನ್ನ ಮೊಮ್ಮಗಳ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಒಂದು ನರಪಿಳ್ಳೆ ಇರುವುದಿಲ್ಲ. ನಮಗೆ ಇದಾಗಲಿಲ್ಲ ಎಂದು ನಾನು ಹೇಳಿದ್ದು ಪೂರ್ತಿ ಸರಿಯಲ್ಲ ಅಂತ ಈಗ ಕಾಣುತ್ತದೆ. ನಮಗೂ ಆಯಿತು, ನಮ್ಮ ಪಕ್ಕದಲ್ಲಿ ಜನ ಇದ್ದರು.

ಬಿಜೈಯಿಂದ ಒಬ್ಬಳು

ದೊಡ್ಡಮ್ಮ, ನಿಮ್ಮ ಮಾತು ನನ್ನ ಮನಸ್ಸಿಗೆ ನಾಟಿತು. ಆದರೆ ಕೈಗೆ ಕೆಲಸ, ಪಕ್ಕಕ್ಕೆ ಜನ ಎರಡೂ ಇದ್ದು, ಅಷ್ಟರಿಂದ ನಿಲ್ಲದ ಸಂದರ್ಭವೂ ಇದೆ. ನನ್ನದು ಅಂತಹುದು. ಮೂಲ ಪ್ರಶ್ನೆ "ಎಲ್ಲಿಂದ ಮುಂದೆ ವೈದ್ಯರ ಬಳಿ" ಎಂದಿರುವುದರಿಂದ ಇದನ್ನು ವಿವರವಾಗಿಯೇ ಬರೆಯುತ್ತೇನೆ.

ನನಗೆ ಮದುವೆಗೆ ಮೊದಲೇ ಖಿನ್ನತೆಗೆ ಚಿಕಿತ್ಸೆಯಾಗಿತ್ತು, ಒಂದು ಮಾತ್ರೆ ನಡೆಯುತ್ತಿತ್ತು. ಬಸಿರು ಖಚಿತವಾದ ದಿನವೇ, ಯಾರನ್ನೂ ಕೇಳದೆ, ಮಗುವಿಗೆ ತೊಂದರೆಯಾದೀತೆಂದು ಮಾತ್ರೆಯನ್ನು ನಿಲ್ಲಿಸಿಬಿಟ್ಟೆ. 14ನೆಯ ವಾರದ ಹೊತ್ತಿಗೆ ಎಲ್ಲವೂ ಮರಳಿ ಬಂತು. ಕ್ಲಿನಿಕ್ ಒಂದರಲ್ಲಿ ಹೇಳಿಕೊಂಡಾಗ "ಬಸಿರಿನಲ್ಲಿ ಎಲ್ಲರಿಗೂ ಆಗುವುದೇ, ಸಂತೋಷವಾಗಿರಿ" ಎಂದು ಕಳುಹಿಸಿದರು. ಆ ಮಾತನ್ನು ನಂಬಿ ಐದು ವಾರ ಕಳೆದೆ. ಆ ಐದು ವಾರಗಳಲ್ಲಿ ನಾನು ಅತ್ತದ್ದು ಕಡಿಮೆ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಮಗು ಮೊದಲ ಬಾರಿ ಒದ್ದಾಗ ಅತ್ತೆ ಸಕ್ಕರೆ ಹಂಚಿದರು, ನಾನು ಗೋಡೆ ನೋಡುತ್ತಾ ಮಲಗಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಇಷ್ಟದ ನೀರುದೋಸೆಗೂ ರುಚಿಯಿಲ್ಲ. ನಾನು ಇಲ್ಲದಿದ್ದರೆ ಎಲ್ಲರಿಗೂ ಹಗುರವಾಗುತ್ತದೆ ಎಂಬ ಯೋಚನೆ ಬಂದ ದಿನ ನನ್ನ ತಮ್ಮನಿಗೆ ಫೋನು ಮಾಡಿದೆ. ಅವನು ಅಂದೇ ಮನೋವೈದ್ಯರ ಬಳಿ ಕರೆದುಕೊಂಡು ಹೋದ.

ಮನಸ್ಸು ಏರಿಳಿಯುವುದು ಬೇರೆ, ಇಳಿದು ಅಲ್ಲಿಯೇ ಉಳಿಯುವುದು ಬೇರೆ. ಸಂಜೆ ಅತ್ತವರು ರಾತ್ರಿ ಗಂಡನ ಮಾತಿಗೆ ನಗಬಲ್ಲರಾದರೆ ಅದು ಏರಿಳಿತ. ದಿನದ ಹೆಚ್ಚಿನ ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಮೀರಿ ಬೇಜಾರು ಅಥವಾ ನಿರಾಸಕ್ತಿ ಬಿಡದೆ ಹಿಡಿದಿದ್ದರೆ ಇನ್ನು ಕಾಯಬಾರದು. ಸಾಯುವ ಯೋಚನೆ ಬಂದರಂತೂ ಎರಡು ವಾರದ ಲೆಕ್ಕವೂ ಬೇಡ, ಅದೇ ದಿನ ಹೇಳಬೇಕು. ನನಗೆ ಮನೋವೈದ್ಯರು ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಸ್ಕಾಟ್ಲೆಂಡಿನಲ್ಲಿ ರೂಪಿಸಿ 1987ರಲ್ಲಿ ಪ್ರಕಟಿಸಿದ ಈ ಎಡಿನ್‌ಬರ ಮಾಪನಪಟ್ಟಿ ಕನ್ನಡದಲ್ಲಿಯೂ ಇದೆ. ಕಳೆದ ಏಳು ದಿನಗಳಲ್ಲಿ ನಗುವ ಮಾತಿಗೆ ನಗಲು ಸಾಧ್ಯವಾಯಿತೇ, ತಪ್ಪಿಲ್ಲದಿದ್ದರೂ ನಿಮ್ಮನ್ನೇ ದೂರಿಕೊಂಡಿರಾ ಎಂಬಂತಹ ಪ್ರಶ್ನೆಗಳು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ವಿಚಾರಣೆ ಬೇಕೆಂದು ಅರ್ಥ. ನನಗೆ 21 ಬಂದಿತ್ತು. ಅದು ಕಾಯಿಲೆಯನ್ನು ನಿರ್ಧರಿಸುವ ಪರೀಕ್ಷೆಯಲ್ಲ, ಯಾರನ್ನು ಕೂರಿಸಿ ಮಾತನಾಡಿಸಬೇಕು ಎಂದು ತೋರಿಸುವ ಜರಡಿ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಇದೆ. ಒಟ್ಟು ಅಂಕ ಎಷ್ಟೇ ಕಡಿಮೆಯಿದ್ದರೂ ಅದಕ್ಕೆ ಸೊನ್ನೆಯಲ್ಲದ ಉತ್ತರ ಬಂದರೆ ವೈದ್ಯರು ನಿಲ್ಲಿಸಿ ವಿಚಾರಿಸುತ್ತಾರೆ.

ನನಗೆ ಮಾತ್ರೆ ಮತ್ತೆ ಆರಂಭವಾಯಿತು. ಬಸಿರಿನಲ್ಲಿ ಬಳಸಬಹುದಾದ ಔಷಧಗಳಿವೆ, ವ್ಯಾಲ್ಪ್ರೊಯೇಟ್‌ನಂತೆ ಮಗುವಿಗೆ ಹಾನಿ ಮಾಡುವ, ಆದ್ದರಿಂದ ಬಳಸಬಾರದ ಔಷಧವೂ ಇದೆ. ಯಾವುದನ್ನು ಬಿಡಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಮನೋವೈದ್ಯರೂ ಹೆರಿಗೆ ವೈದ್ಯರೂ ಸೇರಿ ತೀರ್ಮಾನಿಸಬೇಕು, ನನ್ನಂತೆ ಬಚ್ಚಲಿನಲ್ಲಿ ನಿಂತು ಒಬ್ಬಳೇ ತೀರ್ಮಾನಿಸಬಾರದು. ಮಗ ಈಗ ಒಂದನೆಯ ತರಗತಿ. ಹೊರಗೆ ಹೋಗಲು ಅಂಜುವವರಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರಿ ಸಹಾಯವಾಣಿ, ಉಚಿತ, ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು. ನನ್ನ ಕಾಲಕ್ಕೆ ಅದು ಇದ್ದಿದ್ದರೆ ಐದು ವಾರ ಕಾಯುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಶಂಕರಪುರದ ದೊಡ್ಡಮ್ಮ

ಮಗಳೇ, ನಿನ್ನ ಬರಹವನ್ನು ಎರಡು ಸಲ ಓದಿಸಿಕೊಂಡೆ. ಭಾರ ದೇವರ ಮೇಲೆ ಹಾಕಬೇಕು, ಮಾತ್ರೆಯನ್ನೂ ನುಂಗಬೇಕು. ನಾನು ಮೊದಲು ಹೇಳಿದ್ದಕ್ಕೆ ಇದನ್ನು ಸೇರಿಸಿಕೊಳ್ಳಿ.

ಉಳ್ಳಾಲದ ಆಶಾ ಕಾರ್ಯಕರ್ತೆ

ಮನೆಮನೆ ತಿರುಗುವವಳಾಗಿ ನನಗೆ ಕಂಡದ್ದನ್ನು ಹೇಳುತ್ತೇನೆ. "ಖಿನ್ನತೆ ಇದೆಯೇ" ಎಂದು ಕೇಳಿದರೆ ನಮ್ಮ ಊರಿನ ಯಾವ ಬಸುರಿಯೂ ಹೌದೆನ್ನುವುದಿಲ್ಲ, ಆ ಶಬ್ದ ಅವರದ್ದಲ್ಲ. "ತಲೆಬಿಸಿ ಏನಾದರೂ ಉಂಟಾ" ಎಂದು ಕೇಳಿ ಅರ್ಧ ನಿಮಿಷ ಸುಮ್ಮನೆ ಕುಳಿತರೆ ಮಾತು ಬರುತ್ತದೆ. ಅತ್ತೆಯೋ ನಾದಿನಿಯೋ ಪಕ್ಕದಲ್ಲಿದ್ದರೆ ಅದೂ ಬರುವುದಿಲ್ಲ. ಆದ್ದರಿಂದ ನಾನು ತೂಕ ನೋಡುವ ನೆಪದಲ್ಲಿ ಒಳಕೋಣೆಗೆ ಕರೆದುಕೊಂಡು ಹೋಗುತ್ತೇನೆ.

ಹೋದ ಮಳೆಗಾಲದಲ್ಲಿ ಒಂದು ಮನೆಗೆ ಹೋದಾಗ ಏಳು ತಿಂಗಳ ಬಸುರಿ ಬೀಡಿ ಕಟ್ಟುತ್ತಾ ಕುಳಿತಿದ್ದಳು. ಮಡಿಲಿನಲ್ಲಿ ಇರಬೇಕಾದ ತಡ್ಪೆ, ಅಂದರೆ ಬೀಡಿ ಕಟ್ಟುವ ಮೊರ, ಹೊಟ್ಟೆಗೆ ತಾಗಿ ಕೂರುತ್ತಿರಲಿಲ್ಲ, ಮೊಣಕಾಲಿನ ತುದಿಯಲ್ಲಿ ವಾಲಿಸಿಕೊಂಡು ಕಟ್ಟುತ್ತಿದ್ದಳು. ನಾನು ಕೇಳಿದ ಪ್ರಶ್ನೆಗೆ ಅವಳು ಹೇಳಿದ್ದು ಇಷ್ಟು: "ಸಿಟ್ಟು ಬರುತ್ತದೆ ಅಕ್ಕ, ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ." ಮಾತನಾಡುತ್ತಾ ಹೋದಂತೆ ಗೊತ್ತಾಯಿತು. ಶನಿವಾರದೊಳಗೆ ಬೀಡಿ ಕಂಪನಿಯ ಬ್ರಾಂಚಿಗೆ ಲೆಕ್ಕ ಕೊಡಬೇಕು, ಬೀಡಿ ಕಡಿಮೆಯಾದರೆ ವಾರದ ಮಜೂರಿ ಕಡಿಮೆ, ಹೆರಿಗೆಗೆ ಹಣ ಬೇಕು, ಹೊಗೆಸೊಪ್ಪಿನ ವಾಸನೆಗೆ ಊಟ ಸೇರುವುದಿಲ್ಲ. ಅವಳಿಗೆ ಪ್ರಾಣಾಯಾಮ ಮಾಡು, ಒಳ್ಳೆಯ ಸಂಗೀತ ಕೇಳು ಎಂದು ಹೇಳಿ ಎದ್ದುಬರಲು ನನಗೆ ಮನಸ್ಸಾಗಲಿಲ್ಲ. ಅವಳ ಗಂಡ ಬರುವವರೆಗೆ ಕುಳಿತು, ಹೊಗೆಸೊಪ್ಪಿನ ಹುಡಿ ಬಸುರಿಗೂ ಮಗುವಿಗೂ ಒಳ್ಳೆಯದಲ್ಲ, ಕಟ್ಟುವ ಕೆಲಸ ಈಗ ಬಿಡಬೇಕು ಎಂದು ಅವನಿಗೇ ಹೇಳಿದೆ. ಹೆರಿಗೆಯ ಖರ್ಚಿನ ಹೆದರಿಕೆಗೆ ಲೇಡಿಗೋಶನ್ ಸರಕಾರಿ ಆಸ್ಪತ್ರೆಯ ದಾರಿ ತೋರಿಸಿದೆ. ಅಂಗನವಾಡಿಯ ಊಟದ ಪಟ್ಟಿಗೆ ಅವಳ ಹೆಸರು ಸೇರಿರಲಿಲ್ಲ, ಸೇರಿಸಿದೆ. ಮುಂದಿನ ತಿಂಗಳು ಹೋದಾಗ ತಡ್ಪೆ ಅತ್ತೆಯ ಮಡಿಲಿನಲ್ಲಿತ್ತು. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೆ ಅವಳು ನನಗೆ ಪುನರ್ಪುಳಿ ಶರಬತ್ತು ಮಾಡಿಕೊಟ್ಟು ಪಕ್ಕದಲ್ಲಿ ಕುಳಿತಳು.

ಪ್ರತಿ ತಿಂಗಳ 9ನೆಯ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆಯಿದೆ. ರಕ್ತ, ಬಿಪಿ ನೋಡುವ ಆ ದಿನವೇ ಮನಸ್ಸಿನ ವಿಷಯವನ್ನೂ ಬಾಯಿಬಿಟ್ಟು ಹೇಳಿ ಎಂಬುದು ನನ್ನ ಕೋರಿಕೆ.

ಸುರತ್ಕಲ್‌ನಿಂದ ತಂಗಿ

ನನ್ನ ಗಂಡ ಕುವೈತಿನಲ್ಲಿದ್ದಾರೆ. ಅಲ್ಲಿಗೂ ಇಲ್ಲಿಗೂ ಎರಡೂವರೆ ಗಂಟೆಯ ಅಂತರ. ಅವರು ಡ್ಯೂಟಿ ಮುಗಿಸಿ ವಿಡಿಯೊ ಕರೆ ಮಾಡುವಷ್ಟರಲ್ಲಿ ನನಗೆ ರಾತ್ರಿ ಹನ್ನೊಂದಾಗಿ ತಲೆ ಸಿಡಿಯುತ್ತಿರುತ್ತದೆ. ಆ ಹೊತ್ತಿನಲ್ಲಿ ಆಡಿದ ಮಾತೆಲ್ಲ ಜಗಳವಾಗಿ ಮುಗಿಯುತ್ತಿತ್ತು. ಈಗ ವಾರದ ದಿನಗಳಲ್ಲಿ ಅವರು ಊಟದ ಬಿಡುವಿನಲ್ಲಿ ಐದು ನಿಮಿಷ ಮಾತ್ರ ಮಾತನಾಡುತ್ತಾರೆ, ಶುಕ್ರವಾರ ಅವರಿಗೆ ರಜೆಯಾದ್ದರಿಂದ ಹಗಲಿನಲ್ಲಿಯೇ ಉದ್ದಕ್ಕೆ ಮಾತನಾಡುತ್ತೇವೆ. ರಾತ್ರಿ ಹತ್ತಕ್ಕೆ ಫೋನನ್ನು ಅಮ್ಮನ ಕೋಣೆಯಲ್ಲಿಡುತ್ತೇನೆ. ನಾಲ್ಕು ದಿನ ಕಷ್ಟವಾಯಿತು. ನಿದ್ದೆ ಸರಿಯಾದ ಮೇಲೆ ಅರ್ಧ ತಲೆಬಿಸಿ ಇಳಿಯಿತು. ಗಂಡ ದೂರವಿರುವ ದುಃಖ ಇದರಿಂದ ಹೋಗಿಲ್ಲ, ಅದು ಹೋಗುವುದೂ ಇಲ್ಲ.

ಕಂಕನಾಡಿಯ ನಿವೃತ್ತ ದಾದಿ

ನಿದ್ದೆಯ ಬಗ್ಗೆ ಎರಡು ಮಾತು. ಸಂಜೆ ಆರರವರೆಗೆ ಚೆನ್ನಾಗಿ ನೀರು ಕುಡಿದು ಆಮೇಲೆ ಕಡಿಮೆ ಮಾಡಿದರೆ ರಾತ್ರಿ ಏಳುವುದು ತಪ್ಪದಿದ್ದರೂ ಕಡಿಮೆಯಾಗುತ್ತದೆ. ಸೆಕೆಗಾಲದಲ್ಲಿ ಒಟ್ಟು ನೀರು ಕಡಿಮೆಯಾಗಬಾರದು, ಮೂತ್ರ ಉರಿದರೆ ಸೋಂಕಿದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಎಡಮಗ್ಗುಲಿಗೆ ಮಲಗಿ ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳಬೇಕು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಬ್ಯಾಂಕಿನಲ್ಲಿ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕಾಲು ಚಾಚಲು ಸ್ಥಳ ಕೇಳು ಮಗಳೇ, ಕೇಳುವುದರಲ್ಲಿ ನಾಚಿಕೆಯಿಲ್ಲ. ನಿನ್ನಂತಹ ಉದ್ಯೋಗಸ್ಥೆಯರಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನ ಸಹಿತ ರಜೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದಿದೆ, ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಎಲ್ಲವನ್ನೂ ಬಾಣಂತನಕ್ಕೆಂದು ಉಳಿಸಿಕೊಂಡು ಕೊನೆಯ ದಿನದವರೆಗೆ ಕೌಂಟರಿನಲ್ಲಿ ಕುಳಿತವರನ್ನು ನಾನು ನೋಡಿದ್ದೇನೆ. ಅವರವರ ಅನುಕೂಲ ಅವರವರಿಗೆ, ಆದರೆ ಆ ದಾರಿಯೂ ಇದೆ ಎಂಬುದು ನೆನಪಿರಲಿ.

ಹೆರಿಗೆಯಾದ ಮೇಲೆ ಮೂರು ನಾಲ್ಕನೆಯ ದಿನಕ್ಕೆ ಹಾರ್ಮೋನುಗಳು ಒಮ್ಮೆಗೇ ಇಳಿದು ಮತ್ತೆ ಅಳು ಬರುತ್ತದೆ. ಬಹುಪಾಲು ತಾಯಂದಿರಿಗೆ ಬರುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ ಬಿಜೈಯ ಸಹೋದರಿ ಹೇಳಿದ ದಾರಿಯೇ ದಾರಿ. ಇದನ್ನು ನಿನ್ನ ಗಂಡನಿಗೂ ಅತ್ತೆಗೂ ಈಗಲೇ ಓದಿ ಹೇಳು, ಆಗ ಹೇಳಲು ನಿನಗೆ ವ್ಯವಧಾನವಿರುವುದಿಲ್ಲ.

ಸಂತೆಕಟ್ಟೆಯ ಸೊಸೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ಹಿಮೋಗ್ಲೋಬಿನ್ 9.2ಕ್ಕೆ ಇಳಿದಿತ್ತು. ಥೈರಾಯ್ಡ್ ಸರಿಯಾಗಿದೆ. ವೈದ್ಯೆಯ ಬಳಿ ಅಳುವಿನ ವಿಷಯವನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು, ಆ ಹತ್ತು ಪ್ರಶ್ನೆಗಳ ಹಾಳೆಯನ್ನೂ ತುಂಬಿಸಿದರು. ನನಗೆ 9 ಬಂತು. ಈಗ ಚಿಂತೆಯಿಲ್ಲ, ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು. ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದ್ದಾರೆ, ಈಗ ಅದನ್ನು ಲಿಂಬೆ ನೀರಿನ ಜೊತೆ ತೆಗೆದುಕೊಳ್ಳುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಚುಕ್ಕೆ ಹಾಕಿದೆವು. ನಮ್ಮದೂ ಸಂಜೆಯೇ. ಕೌಂಟರಿನ ಡ್ರಾಯರಿನಲ್ಲಿ ಈಗ ಒಂದು ಡಬ್ಬಿ ಹುರಿದ ನೆಲಗಡಲೆಯೂ ಎರಡು ಬಾಳೆಹಣ್ಣೂ ಇರುತ್ತವೆ.

ಈ ಮಾತುಗಳನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಮಲ್ಲಿಗೆ ಕಟ್ಟುವ ದೊಡ್ಡಮ್ಮನ ಭಾಗ ಬಂದಾಗ ಕೈಯ ಕೆಲಸ ನಿಲ್ಲಿಸಿ ಕೇಳಿದರು. ಓದಿ ಮುಗಿಸಿ, ಅಂದು ಟ್ಯಾಂಕಿ ಖಾಲಿ ಮಾಡಿದ್ದು ಏಕೆಂದು ಹೇಳಲು ಹೊರಟೆ. "ಗೊತ್ತಿತ್ತು" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ನನ್ನ ಗಂಡ ಹೊಟ್ಟೆಯಲ್ಲಿದ್ದಾಗ ಅವರು ಅಳಲು ಬಾವಿಕಟ್ಟೆಗೆ ಹೋಗುತ್ತಿದ್ದರೆಂದು ಹೇಳಿದರು. ಆಗ ಪಂಪು ಇರಲಿಲ್ಲ, ರಾಟೆಗೆ ಎಣ್ಣೆ ಹಾಕದೆ ಬಿಟ್ಟರೆ ಅದು ಕಿರ್ರೆನ್ನುವ ಸದ್ದಿಗೆ ಮನೆಯವರಿಗೆ ಬೇರೇನೂ ಕೇಳಿಸುತ್ತಿರಲಿಲ್ಲವಂತೆ. ಸಂಜೆ ಹೊತ್ತು ಬೇಕಿಲ್ಲದಿದ್ದರೂ ನಾಲ್ಕು ಕೊಡ ನೀರು ಸೇದುತ್ತಿದ್ದರಂತೆ. ರಾಟೆಗೆ ಎಣ್ಣೆ ಹಾಕು ಎಂದು ಮಾವ ಎಷ್ಟು ಸಲ ಹೇಳಿದರೂ ಮರೆತೆ ಎನ್ನುತ್ತಿದ್ದರಂತೆ. ಇದನ್ನು ಅವರು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಬೆಳ್ಳುಳ್ಳಿ ಒಗ್ಗರಣೆಯನ್ನು ಈಗ ಮಧ್ಯಾಹ್ನವೇ ಹಾಕಿ, ನಾನು ಬರುವಷ್ಟರಲ್ಲಿ ಅಡುಗೆಮನೆಯ ಕಿಟಕಿ ತೆರೆದಿಟ್ಟಿರುತ್ತಾರೆ. ನಿನ್ನೆ ಸಂಜೆ ಮತ್ತೆ ಅಳು ಬಂತು, ಕಾರಣ ಹೇಳುವಂತಹದ್ದೇನೂ ಇಲ್ಲ. ಅಡುಗೆಮನೆಯ ಮಣೆಯ ಮೇಲೆ ಕುಳಿತೇ ಅತ್ತುಬಿಟ್ಟೆ. ಅತ್ತೆ ಪಕ್ಕದಲ್ಲಿ ಬಸಳೆಯ ದಂಟು ತುಂಡು ಮಾಡುತ್ತಿದ್ದವರು ಹರಿವಾಣವನ್ನು ಸ್ವಲ್ಪ ಸರಿಸಿ ನನಗೆ ಕಾಲು ಚಾಚಲು ಜಾಗ ಮಾಡಿಕೊಟ್ಟು, ತುಂಡು ಮಾಡುವುದನ್ನು ಮುಂದುವರಿಸಿದರು.